ಭಾವನ ಔಟ್‌ಬೋರ್ಡ್: ಹೊಸ ಬ್ಯಾಟರಿ ಹಾಕಿದರೂ ಚಾರ್ಜ್ ಯಾಕೆ ಆಗ್ತಿಲ್ಲ?

ಭಾವನ 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕೂರಿಸುವ ಇಂಜಿನ್, ಈಗ ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿನಲ್ಲಿದೆ. ದೋಣಿ ಮಲ್ಪೆಯಲ್ಲೇ ಇದೆ. ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 10 ಎಚ್‌ಪಿ ಮೀರಿದ ಮೋಟಾರ್ ಇರುವ ನಾಡದೋಣಿಗಳೂ ಅದರಲ್ಲಿ ಬರುತ್ತವೆ, ಹಾಗಾಗಿ ಇಂಜಿನ್ ಬಿಚ್ಚಿ ಕಳಿಸೋಕೆ ಇದೇ ಸರಿಯಾದ ಸಮಯ. ಬ್ಯಾಟರಿ, ಕೇಬಲ್, ಮೀಟರ್ ಎಲ್ಲವನ್ನೂ ಜೊತೆಗೇ ಕಳಿಸಿ ಅಂತ ಮೊದಲೇ ಹೇಳಿದ್ದೆ. ಬರೀ ಇಂಜಿನ್ ಬಂದರೆ ಅರ್ಧ ಕಾಯಿಲೆ ಅಲ್ಲೇ ಉಳಿಯುತ್ತದೆ ಅಲ್ವಾ.

ದೂರು ಇಷ್ಟು: ಬೆಳಗ್ಗೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಬರೀ ಟಕ್ ಟಕ್. ಅಲ್ಲಿನ ಮೆಕ್ಯಾನಿಕ್ ಒಬ್ಬರು ನೋಡಿದ ಕೂಡಲೇ ಬ್ಯಾಟರಿ ಬದಲಿಸಿದ್ದರು. "ಹೊಸ ಬ್ಯಾಟರಿ ಮಾರಾಯ, ಅದೂ ಹಾಗೇ ಇಳಿಯುತ್ತದೆ. ಆರ್‌ಪಿಎಂ ಮೀಟರ್ ಕೂಡ ಸತ್ತಿದೆ, ಅದಿರಲಿ, ಅದು ಬೇರೆ ವಿಷಯ" ಅಂದರು ಭಾವ.

ಬೇರೆ ವಿಷಯ ಅಲ್ಲವೇ ಅಲ್ಲ! ಇಂಥ ಇಂಜಿನ್‌ಗಳಲ್ಲಿ ಆರ್‌ಪಿಎಂ ಮೀಟರ್ ಸಿಗ್ನಲ್ ತೆಗೆದುಕೊಳ್ಳುವುದೇ ಚಾರ್ಜಿಂಗ್ ಕಡೆಯಿಂದ. ಮುಳ್ಳು ಬಿದ್ದಿದೆ ಅಂದರೆ ಮೊದಲು ಸ್ಟೇಟರ್ (ಫ್ಲೈವೀಲ್ ಅಡಿಯಲ್ಲಿ ಕರೆಂಟ್ ಹುಟ್ಟಿಸುವ ಸುರುಳಿ) ಮತ್ತು ರೆಕ್ಟಿಫೈಯರ್ (ಆ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ಮೇಲೆ ಅನುಮಾನ ಪಡಬೇಕು.

ಇನ್ನು ಓಡಿಸುವ ವ್ಯವಸ್ಥೆ. ಪ್ರೊಪೆಲ್ಲರ್ ಬಿಚ್ಚಿ, ಕೆಳಭಾಗವನ್ನು 200 ಲೀಟರ್ ಡ್ರಮ್ಮಿಗೆ ಇಳಿಸಿದೆವು. ನೀರು ಎಳೆಯುವ ಜಾಲರಿ ಪೂರ್ತಿ ಮುಳುಗಿರಲೇಬೇಕು, ಒಣಗಿದ್ದಾಗ ಓಡಿಸಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಹೊಗೆ, ಸದ್ದು ಎರಡೂ ಜೋರು, ಭಾನುವಾರ ಬೆಳಗ್ಗೆ ಬೀದಿಯವರೆಲ್ಲ ಬಂದು ಇಣುಕಿ ಹೋದರು.

ಹೊರಗಿನ ಚಾರ್ಜರ್ ಹಾಕಿ, ರಾತ್ರಿ ಸುಮ್ನೆ ಬಿಟ್ಟ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಅಂದರೆ ಬ್ಯಾಟರಿ ಗಟ್ಟಿಯಾಗಿದೆ. ಇಂಜಿನ್ ಓಡುವಾಗ ಅದು 13.8ರಿಂದ 14.4ರ ಆಸುಪಾಸಿಗೆ ಏರಬೇಕು. ಏರಲಿಲ್ಲ. 12.4ಕ್ಕೆ ಬಂದು ಅಲ್ಲಿಂದ ಇನ್ನೂ ಕೆಳಗೆ ಜಾರುತ್ತಿತ್ತು, ಥ್ರಾಟಲ್ ಕೊಟ್ಟರೂ ಅಷ್ಟೇ.

ಪಕ್ಕದ ಗ್ಯಾರೇಜಿನ ಹುಡುಗ ನೋಡುತ್ತಾ ನಿಂತಿದ್ದ. "ಅಣ್ಣಾ, ಓಡ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡಿ, ಇಂಜಿನ್ ನಿಂತರೆ ಚಾರ್ಜಿಂಗ್ ಇಲ್ಲ ಅಂತ ಅರ್ಥ." ಮುಟ್ಟಬೇಡಪ್ಪಾ ಅಂದೆ. ಡೈನಮೋ ಕಾಲದ ಚಾಳಿ ಇದು, ಇನ್ನೂ ಹೋಗಿಲ್ಲ. ಬ್ಯಾಟರಿ ಇರುವ ತನಕ ವೋಲ್ಟೇಜ್ ಅದರ ಹಿಡಿತದಲ್ಲಿರುತ್ತದೆ, ಕಿತ್ತ ಕ್ಷಣ ವೋಲ್ಟೇಜ್ ನೆಗೆದು ರೆಕ್ಟಿಫೈಯರ್ ಒಳಗಿನ ಡಯೋಡುಗಳನ್ನು, ಅಂದರೆ ಕರೆಂಟನ್ನು ಒಂದೇ ಕಡೆ ಬಿಡುವ ಬಿಡಿಭಾಗಗಳನ್ನು, ಸುಡುತ್ತದೆ.

ಇಂಜಿನ್ ಆಫ್ ಮಾಡಿ ಸ್ಟೇಟರ್‌ನ ಎರಡು ಹಸಿರು ವೈರ್ ಬಿಡಿಸಿದೆ. ಅವು ಇಂಜಿನ್ನಿನ ಲೋಹದ ಮೈಗೆ ಎಲ್ಲೂ ಶಾರ್ಟ್ ಆಗಿಲ್ಲ. ಮತ್ತೆ ಸ್ಟಾರ್ಟ್ ಮಾಡಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ನೋಡಿದರೆ ಐಡಲ್‌ನಲ್ಲೇ 10 ವೋಲ್ಟ್ ದಾಟಿತು, ಥ್ರಾಟಲ್ ಕೊಟ್ಟಂತೆ ಏರುತ್ತಾ ಹೋಯಿತು. ಸ್ಟೇಟರ್ ಬದುಕಿದೆ. ಸದ್ಯ, ಫ್ಲೈವೀಲ್ ಎಳೆಯುವ ಕೆಲಸ ತಪ್ಪಿತು.

ರೆಕ್ಟಿಫೈಯರ್ ಸತ್ತಿತ್ತು. ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಒಳಗಿನ ಡಯೋಡ್ ಒಂದು ಕಡೆ ಮಾತ್ರ 0.5 ವೋಲ್ಟ್ ಆಸುಪಾಸು ತೋರಿಸಬೇಕು, ತಿರುಗಿಸಿ ಹಿಡಿದರೆ ಏನೂ ತೋರಿಸಬಾರದು. ಇಲ್ಲಿ ನಾಲ್ಕರಲ್ಲಿ ಒಂದು ಎರಡೂ ಕಡೆ ಬೀಪ್, ಇನ್ನೊಂದು ಎರಡೂ ಕಡೆ ಮೌನ.

ಇಷ್ಟಕ್ಕೇ ಹೊಸ ರೆಕ್ಟಿಫೈಯರ್ ಹಾಕಿ ಕಳಿಸಿಬಿಡಬಹುದಿತ್ತು. ಆದರೆ ಇದು ಸತ್ತಿದ್ದು ಯಾಕೆ? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಕೇಬಲ್ ತುದಿಯ ಲೋಹದ ಲಗ್‌ಗೆ ಅಲ್ಲ, ಪೋಸ್ಟಿಗೇ ಇಟ್ಟು, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದೆ. 1.8 ವೋಲ್ಟ್! ಕಾಲು ವೋಲ್ಟ್ ಒಳಗಿರಬೇಕಾದ ಜಾಗ ಅದು. ಮೇಲಿನಿಂದ ಕೇಬಲ್ ಲಕ್ಷಣವಾಗಿಯೇ ಇತ್ತು. ಲಗ್ ಹತ್ತಿರ ಬ್ಲೇಡಿನಲ್ಲಿ ಸಿಪ್ಪೆ ಸೀಳಿದರೆ ಒಳಗೆ ತಾಮ್ರದ ಎಳೆಗಳು ಕಪ್ಪಗೆ, ನಡುನಡುವೆ ಹಸಿರು ಪುಡಿ, ಬೆರಳಲ್ಲಿ ಉಜ್ಜಿದರೆ ಎಳೆಗಳು ಮುರಿದು ಉದುರುತ್ತವೆ. ಇನ್ನಷ್ಟು ಸೀಳಿದೆ, ಗೇಣುದ್ದ ಮೇಲೂ ಅದೇ ಕಥೆ. ಉಪ್ಪುನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರಿಬಿಟ್ಟಿದೆ. ಅಲೆಗೆ ದೋಣಿ ಕುಣಿದಾಗೆಲ್ಲ ಈ ಜಾಗದಲ್ಲಿ ಸಂಪರ್ಕ ತಪ್ಪಿ ಬಂದು ಮಾಡಿರಬೇಕು. ಹುಡುಗ ಕೈಯಲ್ಲಿ ಮಾಡೋಣ ಅಂದ ಕೆಲಸವನ್ನು ಕೇಬಲ್ ತಾನಾಗೇ ಸಮುದ್ರದಲ್ಲಿ ಮಾಡುತ್ತಿತ್ತು.

ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 35 ಆಂಪ್ ಬ್ರಿಡ್ಜ್ ರೆಕ್ಟಿಫೈಯರ್ ಸಿಕ್ಕಿತು, ಕೆಬಿಪಿಸಿ 3510. ಅಗ್ಗದ ಮಾಲು, ಆದರೆ ಬಿಸಿಯಾಗುತ್ತದೆ, ಅದಕ್ಕೇ ದಪ್ಪ ಅಲ್ಯೂಮಿನಿಯಂ ತಗಡಿಗೆ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿದೆ. ತವರ ಲೇಪಿಸಿದ ಕೇಬಲ್ ಹುಡುಕೋಕೆ ಮಾತ್ರ ಜಾಸ್ತಿ ಸುತ್ತಬೇಕಾಯಿತು. ಮಾಮೂಲಿ ತಾಮ್ರ ಹಾಕಿದರೆ ಮತ್ತೆ ಇದೇ ಗತಿ. ಲಗ್ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದೆ. ಬ್ಯಾಟರಿ ಮೇಲಿದ್ದ ಕಿವಿ ನಟ್ ತೆಗೆದು ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಬಿಗಿದೆ, ಕಿವಿ ನಟ್ ನಡುಕಕ್ಕೆ ಸಡಿಲ ಆಗುತ್ತದೆ.

ಈಗ ಸೆಲ್ಫ್ ಹೊಡೆಯುವಾಗ ನೆಗೆಟಿವ್ ಕಡೆ 0.15. ಸ್ವಲ್ಪ ಥ್ರಾಟಲ್ ಕೊಟ್ಟರೆ ಬ್ಯಾಟರಿ ಮೇಲೆ 13.9. ಆರ್‌ಪಿಎಂ ಮುಳ್ಳೂ ಎದ್ದು ಕೂತಿದೆ.

ಬಾಕಿ ಇರುವುದು ಫುಲ್ ಥ್ರಾಟಲ್ ಪರೀಕ್ಷೆ. ಡ್ರಮ್ಮಿನಲ್ಲಿ ಅದು ಆಗದು, ಮಲ್ಪೆಯಲ್ಲೇ ಆಗಬೇಕು. ಈ ಇಂಜಿನ್‌ಗೆ ಮೊದಲಿನಿಂದಲೂ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಇಲ್ಲ, ಜೋರಾಗಿ ಓಡಿಸಿದಾಗ ವೋಲ್ಟೇಜ್ 15 ದಾಟಬಹುದು. ಹಾಗಾಗಿ ಸೀಲ್ಡ್ ಬ್ಯಾಟರಿ ಬೇಡ, ನೀರು ಹಾಕುವ ಬ್ಯಾಟರಿಯೇ ಇರಲಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡ್ತಾ ಇರಿ ಅಂತ ಭಾವನಿಗೆ ಹೇಳಿದ್ದೇನೆ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೇಲೆ ಅವರು ಕಳಿಸುವ ರೀಡಿಂಗ್ ನೋಡಿ ರೆಗ್ಯುಲೇಟರ್ ಸೇರಿಸಬೇಕೋ ಬೇಡವೋ ತೀರ್ಮಾನಿಸುತ್ತೇನೆ.