ಟೆರೇಸ್ ಲಾಗ್: ಮಲ್ಲಿಗೆಗೆ ಉರಿಬಿಸಿಲು, ಕನಕಾಂಬರಕ್ಕೆ ಗೋಡೆ ನೆರಳು

ದೀಪಾವಳಿ ಟೈಮಲ್ಲಿ ಫೋಟೋ ಹಾಕಿದ್ದೇ ಕೊನೆ, ಆಮೇಲೆ ಬರೆಯೋಕೇ ಆಗಿಲ್ಲ. ಎರಡೂ ಹೂವಿನ ಗಿಡನೇ ತಾನೆ, ಒಂದನ್ನ ಟೆರೇಸ್ ನಡುವೆ ಬಿಸಿಲಲ್ಲಿ ಇಟ್ಟು ಇನ್ನೊಂದನ್ನ ಟ್ಯಾಂಕ್ ಗೋಡೆ ಪಕ್ಕ ಯಾಕೆ ಬಚ್ಚಿಟ್ಟಿದೀರ ಅಂತ ಸುಮಾರು ಜನ ಕೇಳಿದ್ರಿ, ಅದಕ್ಕೇ ಈ ಸಲ ಎರಡನ್ನೂ ಒಟ್ಟಿಗೇ ಬರೀತೀನಿ.

ಗೊತ್ತಿಲ್ಲದವರಿಗೆ: ನಾವಿರೋದು ಪುಣೆ ಕೋಥ್ರೂಡಲ್ಲಿ, ಸೊಸೈಟಿ ಟೆರೇಸಲ್ಲಿ ಒಂದು ಮೂಲೆ ನಮ್ಮದು. ಮಲ್ಲಿಗೆ ಕನಕಾಂಬರ ಸೇರಿಸಿ ಒತ್ತಾಗಿ ಕಟ್ಟಿದ ಮಾಲೆ ಮನೆ ಹೂವಲ್ಲೇ ಆಗ್ಬೇಕು ಅನ್ನೋದು ಪ್ರಾಜೆಕ್ಟು. ಇಲ್ಲಿನ ಮಂಡೈ ಮಾರ್ಕೆಟ್ಟಿಗೆ ಹೋದ್ರೆ ಮೊಗ್ರಾ ಗಜರಾ, ಅಂದ್ರೆ ಮಲ್ಲಿಗೆ ಮಾಲೆ, ಬೇಕಾದಷ್ಟು ಸಿಗತ್ತೆ, ಆದ್ರೆ ನಮ್ಮೂರ ಕಡೆ ಕಟ್ಟೋ ಥರದ್ದಲ್ಲ, ಕನಕಾಂಬರ ಅಂತೂ ಎಲ್ಲಾ ದಿನ ಸಿಗೋದೂ ಇಲ್ಲ.

ಚಳಿಗಾಲದಿಂದ ಶುರು ಮಾಡ್ತೀನಿ, ಯಾಕಂದ್ರೆ ಈ ಎರಡರ ಸ್ವಭಾವ ಬೇರೆ ಅಂತ ಕಣ್ಣಿಗೆ ಹೊಡೆಯೋದೇ ಆವಾಗ. ಪುಣೆ ಚಳಿ ಅಂದ್ರೆ ಬೆಳಗಿನ ಜಾವ 10 ಡಿಗ್ರಿಗೆ ಇಳಿಯತ್ತೆ, ಕೆಲವು ದಿನ ಇನ್ನೂ ಕಮ್ಮಿ. ಮಲ್ಲಿಗೆ ಆಗ ಸುಮ್ನೆ ನಿದ್ದೆಗೆ ಜಾರತ್ತೆ, ಒಂದಷ್ಟು ಎಲೆ ಉದುರತ್ತೆ, ಅದಕ್ಕೇನೂ ತೊಂದ್ರೆ ಇಲ್ಲ. ಕನಕಾಂಬರ ಹಾಗಲ್ಲ, ಅದು ದಕ್ಷಿಣ ಭಾರತ, ಶ್ರೀಲಂಕಾ ಕಡೆಯ ಬೆಚ್ಚನೆ ಜಾಗದ ಗಿಡ, ಚಳಿ ಬಿತ್ತು ಅಂದ್ರೆ ಹೊಸ ಹೂತೆನೆ ಬರೋದು ನಿಧಾನ ಆಗತ್ತೆ, ಎಲೆ ಅಂಚು ಮುದುಡ್ಕೊಳ್ಳತ್ತೆ. ಟ್ಯಾಂಕ್ ಗೋಡೆ ಪಕ್ಕ ಇಟ್ಟಿದ್ದು ಅದಕ್ಕೇ, ರಾತ್ರಿ ಗಾಳಿ ನೇರ ಹೊಡೆಯಲ್ಲ, ಮಧ್ಯಾಹ್ನದ ಮೇಲೆ ನೆರಳೂ ಸಿಗತ್ತೆ.

ಸಂಕ್ರಾಂತಿ ಕಳೆದ ಮೇಲೆ ಮಲ್ಲಿಗೆಗೆ ಕತ್ತರಿ. ಕುಂದಾಪುರದಿಂದ ಅತ್ತೆ ಫೋನ್ ಮಾಡಿದಾಗೆಲ್ಲ "ಗಿಡ ಬೋಳಿಸಿದ್ಯಾ ಇಲ್ವಾ ಮಾರಾಯ್ತಿ" ಅಂತಲೇ ಕೇಳೋದು. ಕತ್ತರಿಸೋಕೆ ಮುಂಚೆ ಹತ್ತು ಹದಿನೈದು ದಿನ ನೀರು ಪೂರ್ತಿ ಕಮ್ಮಿ ಮಾಡಿ, ಆಮೇಲೆ ಮಣ್ಣಿಂದ ಒಂದೂವರೆ ಅಡಿ ಮಾತ್ರ ಬಿಟ್ಟು ಉಳಿದಿದ್ದೆಲ್ಲ ಕಟ್, ಇದ್ದಬದ್ದ ಎಲೆನೂ ಕೈಯಲ್ಲೇ ಬಿಡಿಸಿ ಹಾಕೋದು. ನೋಡೋಕೆ ಒಣ ಕಡ್ಡಿ ಗುಂಪು ಅಷ್ಟೇ. ಪಕ್ಕದ ವಿಂಗ್ ಆಜಿ ನೋಡಿ ಮರಾಠೀಲಿ "ಅಗಂಬಾಯಿ" ಅಂದ್ರು, ನಮ್ಮ ಅಯ್ಯಯ್ಯೋ ಥರ. ಆದ್ರೆ ದುಂಡು ಮಲ್ಲಿಗೆ ಮೊಗ್ಗು ಬಿಡೋದೇ ಹೊಸ ಚಿಗುರಿನ ತುದೀಲಿ, ಹಾಗಾಗಿ ಎಷ್ಟು ಹೊಸ ರೆಂಬೆ ಒಡೆಯತ್ತೋ ಅಷ್ಟು ಮೊಗ್ಗು, ಹಳೇ ಕಡ್ಡಿ ಉಳಿಸ್ಕೊಂಡ್ರೆ ಎಲೆ ಮಾತ್ರ ನೋಡ್ಕೊಂಡು ಕೂರ್ಬೇಕಾಗತ್ತೆ. ಕಟ್ ಮಾಡಿ ಮೇಲ್ಮಣ್ಣು ಕೆದಕಿ ವರ್ಮಿಕಾಂಪೋಸ್ಟು, ಬೇವಿನ ಹಿಂಡಿ ಕೊಟ್ಟು ನೀರು ಶುರು ಮಾಡಿದ್ದು. ಯುಗಾದಿ ಹೊತ್ತಿಗೆ ಮೊದಲ ಮೊಗ್ಗು.

ಕನಕಾಂಬರಕ್ಕೆ ಈ ಟ್ರೀಟ್ಮೆಂಟ್ ಬೇಡವೇ ಬೇಡ. ಅದಕ್ಕೆ ಬೇಕಿರೋದು ಹೂ ಮುಗಿದ ತೆನೆ ಚಿವುಟ್ತಾ ಇರೋದು ಅಷ್ಟೇ, ಬಿಟ್ರೆ ಗಿಡದ ಶಕ್ತಿ ಎಲ್ಲ ಬೀಜಕ್ಕೆ ಹೋಗತ್ತೆ. ನನ್ನ ಮಗಳಿಗೋಸ್ಕರ ನಾಲ್ಕೈದು ತೆನೆ ಬಿಟ್ಟಿರ್ತೀನಿ: ಒಣಗಿದ ತೆನೆ ಮೇಲೆ ನೀರು ಚಿಮುಕಿಸಿ ಎರಡು ಕ್ಷಣ ಕಾದ್ರೆ ಚಟ್ ಅಂತ ಕಾಯಿ ಸಿಡಿದು ಬೀಜ ಹಾರತ್ತೆ, ಒಂದು ಹಾರಿ ಗಲ್ಲಕ್ಕೆ ತಾಗಿದ್ರೆ ಅವಳಿಗೆ ಅದೇ ದೊಡ್ಡ ಖುಷಿ. ಇದು ನಾಟಿ ಕೇಸರಿ ತಳಿ ಮಾತ್ರ. ಡೆಲ್ಲಿ ಕನಕಾಂಬರ ಅಂತ ನರ್ಸರೀಲಿ ಕೊಡೋ ಗಾಢ ಬಣ್ಣದ್ದು ಬೀಜ ಕಟ್ಟಲ್ಲ, ಅದನ್ನ ಕಡ್ಡಿ ನೆಟ್ಟೇ ಮಾಡ್ಕೋಬೇಕು.

ಏಪ್ರಿಲ್, ಮೇ ಬಗ್ಗೆ ಹೇಳೋದು ಜಾಸ್ತಿ ಇದೆ. ಬೇಸಿಗೇಲಿ ಸೊಸೈಟಿಗೆ ಟ್ಯಾಂಕರ್ ನೀರು, ಬೋರ್‌ವೆಲ್ದು, ಬಕೆಟಲ್ಲಿ ಬಿಳಿ ಪದರ ಕಟ್ಟೋಷ್ಟು ಗಡಸು. ಅದನ್ನ ಹಾಕ್ತಾ ಹಾಕ್ತಾ ಮಲ್ಲಿಗೆ ಎಳೆ ಎಲೆ ಹಳದಿ ತಿರುಗ್ತು, ನರ ಮಾತ್ರ ಹಸಿರು. ಹಳೇ ಎಲೆ ಹಳದಿ ಆದ್ರೆ ಸಾರಜನಕ ಕಮ್ಮಿ ಅಂತ ನೋಡ್ಬೇಕು, ಎಳೇದು ಹೀಗೆ ಆದ್ರೆ ಕಬ್ಬಿಣದ ಕೊರತೆ, ಮಣ್ಣಲ್ಲಿ ಕಬ್ಬಿಣ ಇದ್ರೂ ಕ್ಷಾರ ಜಾಸ್ತಿಯಾಗಿ ಬೇರಿಗೆ ಸಿಗ್ತಿರಲ್ಲ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಸ್ವಲ್ಪ ನಿಂಬೆರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸ್ಪ್ರೇ ಮಾಡಿದ್ಮೇಲೆ ಹೊಸ ಎಲೆ ಹಸಿರಾಗಿ ಬಂತು. ಟೈಲ್ಸ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ, ತುಕ್ಕು ಕಲೆ ಹೋಗಲ್ಲ.

ಇನ್ನೊಂದು, ಮೊಗ್ಗು ಬಿಳಿ ಇರೋ ಬದ್ಲು ನೇರಳೆ ಬಣ್ಣ ತಿರುಗಿ ಒಣಗ್ತಿದ್ರೆ ಬಿಸಿಲು ಜಾಸ್ತಿ ಆಯ್ತು ಅಂತ ನೆರಳಿಗೆ ಎಳೀಬೇಡಿ, ಅದು ಮೊಗ್ಗಿನೊಳಗೆ ಸೇರೋ ಸಣ್ಣ ನೊಣದ ಮರಿ ಕೆಲಸ. ಅಂಥ ಮೊಗ್ಗು ಕಿತ್ತು ಕವರಲ್ಲಿ ಕಟ್ಟಿ ಎಸೀಬೇಕು, ಪಾಟಲ್ಲೇ ಉದುರಿಸಿದ್ರೆ ಮಣ್ಣಿಗಿಳಿದು ಮತ್ತೆ ಬರತ್ತೆ. ಬಿಸಿಲು ಮಾತ್ರ ಮಲ್ಲಿಗೆಗೆ ಎಷ್ಟಿದ್ರೂ ಬೇಕು, ದಿನಕ್ಕೆ ಆರು ತಾಸಿಗಿಂತ ಕಮ್ಮಿ ಆದ್ರೆ ಬರೀ ಬಳ್ಳಿ ಥರ ಉದ್ದ ಬೆಳೀತಾ ಹೋಗತ್ತೆ. ಅದೇ ಮೇ ಬಿಸಿಲಿಗೆ ಕನಕಾಂಬರ ಇಟ್ರೆ ಮಧ್ಯಾಹ್ನಕ್ಕೆ ತಲೆ ಬಗ್ಗಿಸತ್ತೆ, ಹೂವಿನ ಬಣ್ಣನೂ ಬಿಳಿಚ್ಕೊಳ್ಳತ್ತೆ. ಬೆಳಗಿನ ಬಿಸಿಲು ಸಾಕು ಅದಕ್ಕೆ, ಮಣ್ಣು ಮಾತ್ರ ಪೂರ್ತಿ ಒಣಗಬಾರದು.

ಹೂ ಕೀಳೋದೂ ಬೇರೆ ಬೇರೆ. ಮಲ್ಲಿಗೆನ ಮೊಗ್ಗಿರುವಾಗ್ಲೇ, ಬೆಳಿಗ್ಗೆ ಬೇಗ ಬಿಡಿಸಿ ಒದ್ದೆ ಬಟ್ಟೇಲಿ ಇಟ್ರೆ ಕಟ್ಟಿ ಮುಗಿಸೋವರೆಗೂ ಬಿಗಿಯಾಗಿರತ್ತೆ, ಸಂಜೆ ತಾನಾಗೇ ಅರಳತ್ತೆ. ಕನಕಾಂಬರ ಮೊಗ್ಗಲ್ಲಿ ಕಿತ್ರೆ ಪ್ರಯೋಜನ ಇಲ್ಲ, ಪೂರ್ತಿ ಅರಳಿರ್ಬೇಕು. ತೆನೆಯ ಕೆಳಗಿಂದ ಒಂದೆರಡು ಮೂರು ಹೂ ಅಷ್ಟೇ ಅರಳ್ತಾ ಮೇಲಕ್ಕೆ ಹೋಗೋದ್ರಿಂದ ದಿನ ಬಿಟ್ಟು ದಿನ ಕಿತ್ರೆ ಸರಿ. ಹೂವಿನ ಎಸಳು ಹಿಡಿದು ಮೆಲ್ಲಗೆ ಎಳೆದ್ರೆ ತೆಳ್ಳಗಿನ ಉದ್ದ ಕೊಳವೆ ಸಮೇತ ಜಾರಿ ಬರತ್ತೆ, ಕಟ್ಟುವಾಗ ಗಂಟು ಬೀಳೋದು ಆ ಕೊಳವೆಗೇ, ಬಾಳೆನಾರು ಜೋರಾಗಿ ಎಳೆದ್ರೆ ಕತ್ತರಿಸಿ ಹೋಗತ್ತೆ. ಪರಿಮಳ ಇಲ್ಲ ಅಂತ ಬೇಜಾರು ಮಾಡ್ಕೊಳ್ಳೋರಿಗೆ ಹೇಳೋದು, ಮಾರನೇ ದಿನ ಮಲ್ಲಿಗೆ ಕಂದು ಬಣ್ಣಕ್ಕೆ ಬಂದಿರತ್ತೆ, ಕನಕಾಂಬರ ಹಾಗೇ ಇರತ್ತೆ. ನನ್ನ ವೋಟು ಕನಕಾಂಬರಕ್ಕೇ, ಅತ್ತೆಗೆ ಹೇಳ್ಬೇಡಿ. ಉಡುಪಿ ಕಡೆ ಮಲ್ಲಿಗೆ ಲೆಕ್ಕ ಅಟ್ಟೆಯಲ್ಲಿ, 800 ಹೂ ಸೇರಿ ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ನಮ್ಮ ಟೆರೇಸಲ್ಲಿ ಒಂದು ಚೆಂಡಾದ್ರೂ ಒಂದೇ ದಿನ ಆಗೋದು ಕನಸಿನ ಮಾತು, ಮೊಳ ಲೆಕ್ಕ ಸಾಕು ನಮಗೆ.

ಈಗ ಮಳೆ ಹಿಡ್ಕೊಂಡಿದೆ. ಮಲ್ಲಿಗೆ ಹೂ ಕಮ್ಮಿ ಮಾಡಿ ಎಲೆ ಮೇಲೆ ಎಲೆ ಬಿಡ್ತಿದೆ, ಅದು ಸಹಜ. ಕನಕಾಂಬರ ಪಾಟ್‌ಗಳನ್ನ ಇಟ್ಟಿಗೆ ಮೇಲೆ ಎತ್ತಿಟ್ಟಿದೀನಿ, ಬುಡದಲ್ಲಿ ನೀರು ನಿಂತ್ರೆ ಬೇರು ಕೊಳೆತು ಸೊರಗತ್ತೆ. ಒಂದು ಗಿಡ ನೀರು ಗೊಬ್ಬರ ಎಲ್ಲ ಇದ್ರೂ ಕುಗ್ತಾ ಇತ್ತು, ಎತ್ತಿ ನೋಡಿದ್ರೆ ಬೇರು ತುಂಬಾ ಸಣ್ಣ ಸಣ್ಣ ಗಂಟು, ಅಂದ್ರೆ ಜಂತುಹುಳು, ನೆಮಟೋಡ್ ಅಂತಾರಲ್ಲ ಅದು. ಕನಕಾಂಬರದ ದೊಡ್ಡ ಶತ್ರು ಇದೇ. ಗಿಡ ಕಸಕ್ಕೆ ಹೋಯ್ತು, ಕಾಂಪೋಸ್ಟಿಗೆ ಹಾಕ್ಲಿಲ್ಲ. ಆ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಪಕ್ಕಕ್ಕಿದೆ, ಬರೋ ಮೇ ಬಿಸಿಲಲ್ಲಿ ಶೀಟ್ ಮುಚ್ಚಿ ಕಾಯಿಸಿ ಆಮೇಲೆ ಬಳಸ್ಬೇಕು. ಉಳಿದ ಪಾಟ್‌ಗಳಿಗೆ ಬೇವಿನ ಹಿಂಡಿ ಹಾಕಿ ಮಧ್ಯೆ ಮಧ್ಯೆ ಚೆಂಡು ಹೂ ಸಸಿ ನೆಟ್ಟಿದೀನಿ, ಅದರ ಬೇರಿಗೆ ಜಂತುಹುಳು ಕಮ್ಮಿ ಆಗತ್ತೆ.

ಮಲ್ಲಿಗೆ ಉದ್ದ ರೆಂಬೆ ಎರಡನ್ನ ಪಕ್ಕದ ಪಾಟಿಗೆ ಬಗ್ಗಿಸಿ, ಗೆಣ್ಣಿನ ಹತ್ರ ಸ್ವಲ್ಪ ಸಿಪ್ಪೆ ಕೆರೆದು ಮಣ್ಣು ಮುಚ್ಚಿ ಕಲ್ಲು ಹೇರಿದೀನಿ, ಡೆಲ್ಲಿ ಕನಕಾಂಬರ ಕಡ್ಡಿಗಳು ಮರಳಲ್ಲಿ ನಿಂತಿವೆ. ಬೇರು ಬಂದ್ರೆ ಕೋಥ್ರೂಡ್, ವಾರ್ಜೆ ಕಡೆಯವರು ಯಾರಿಗಾದ್ರೂ ಬೇಕಿದ್ರೆ ಹೇಳಿ, ಪೂರ್ವದ ಬಾಲ್ಕನಿ ಮಾತ್ರ ಇರೋರಿಗೆ ಮಲ್ಲಿಗೆ ಕೊಡಲ್ಲ, ಕನಕಾಂಬರ ಒಯ್ಯಿರಿ.