ಎಸಿ ಹಾಕಿದ್ರೆ ಪೆಟ್ರೋಲ್ ಎಲ್ಲಿ ಹೋಗುತ್ತೆ?

ಎಸಿ ಹಾಕಿದ್ರೆ ಮೈಲೇಜ್ ಬೀಳೋದು ನಿಜ, ಆದ್ರೆ ಎಲ್ಲಾ ಕಡೆ ಒಂದೇ ಸಮ ಅಲ್ಲ. ಎಸಿ ಗ್ಯಾಸನ್ನ ಒತ್ತೋ ಕಂಪ್ರೆಸರ್ ಸಾಮಾನ್ಯವಾಗಿ ತಿರುಗೋದು ಇಂಜಿನ್ ಬೆಲ್ಟಿಂದ. ಮೈಸೂರಿನ ಮೆಟ್ರೊಪೋಲ್ ಸಿಗ್ನಲ್ಲಲ್ಲಿ ಗಾಡಿ ನಿಂತಿದ್ರೂ ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಸಣ್ಣ ಇಂಜಿನ್ನಿಗಂತೂ ಆ ಭಾರ ಜಾಸ್ತಿ. ಮಂಡ್ಯ ಬೈಪಾಸಲ್ಲಿ 80-90ರಲ್ಲಿ ಹೋಗುವಾಗ ಕಿಟಕಿ ಇಳಿಸಿದ್ರೆ ಗಾಳಿಯ ಎಳೆತವೇ ಉಳಿತಾಯದ ಒಂದಷ್ಟನ್ನ ತಿಂದುಹಾಕುತ್ತೆ, ಧೂಳು ಬೇರೆ. ಅಲ್ಲಿ ಎಸಿನೇ ವಾಸಿ.

ಬಿಸಿಲಲ್ಲಿ ನಿಂತ ಕಾರಾದ್ರೆ ಮೊದಲು ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ. ಆಮೇಲೆ ಎಸಿ, ಜೊತೆಗೆ ರಿಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸೋ ಬಟನ್) ಹಾಕಿ. ನಾಬ್ ತಿರುಗಿಸೋ ಮಾದರಿಗಳಲ್ಲಿ ಕೆಂಪಿನ ಕಡೆ ತಿರುಗಿಸಿದ್ರೆ ಪೆಟ್ರೋಲ್ ಉಳಿಯುತ್ತೆ ಅಂದ್ಕೋಬೇಡಿ. ಸಾಮಾನ್ಯವಾಗಿ ತಣ್ಣಗಾದ ಗಾಳಿಗೇ ಹೀಟರ್ ಗಾಳಿ ಬೆರೆಯುತ್ತೆ ಅಷ್ಟೆ. ಅದರ ಬದಲು ಫ್ಯಾನ್ ಇಳಿಸಿ.

ಕಬ್ಬಿನ ಲಾರಿ ಓಡಾಡೋ ಕಾಲದಲ್ಲಿ ಮುಂದಿನ ಗ್ರಿಲ್ ಹಿಂದಿರೋ, ಎಸಿಯ ಶಾಖ ಹೊರಹಾಕೋ ಕಂಡೆನ್ಸರ್ ಒಮ್ಮೆ ನೋಡಿ. ತರಗು, ಹುಳ, ಧೂಳು ಮೆತ್ತಿಕೊಂಡ್ರೆ ಶಾಖ ಹೊರಗೆ ಹೋಗಲ್ಲ, ಒತ್ತಡ ಏರಿ ಕಂಪ್ರೆಸರ್ ಏಗುತ್ತೆ. ಪೈಪಿನ ಸಾದಾ ನೀರು ಸಾಕು. ಪ್ರೆಶರ್ ವಾಷರ್ ಹತ್ತಿರ ಹಿಡಿದ್ರೆ ತೆಳು ಫಿನ್‌ಗಳು ಮಡಚಿಕೊಂಡು ಗಾಳಿಯೇ ನುಗ್ಗಲ್ಲ. ಇದನ್ನ ನೋಡದೆ "ಗ್ಯಾಸ್ ಕಮ್ಮಿ ಸಾರ್" ಅನ್ನೋರಿಗೆ ದುಡ್ಡು ಬಿಚ್ಚಬೇಡಿ.