ಹತ್ತಡಿ ಕೋಣೆಯಲ್ಲಿ 30×40 ಪ್ರಿಂಟು

ಡೊಂಬಿವಲಿ, ಡಿಸೆಂಬರ್ 14, 2025, ಭಾನುವಾರ

ಮನೆಯ ಕತ್ತಲೆಕೋಣೆಯಲ್ಲಿ ನೆಗೆಟಿವ್‌ನಿಂದ ದೊಡ್ಡ ಕಪ್ಪು-ಬಿಳುಪು ಫೋಟೋ ಪ್ರಿಂಟ್ ಮಾಡುವ ಕಾಲ ಬಂತು: ನಲ್ಲಿ ನೀರು ಇವತ್ತು 24 ಡಿಗ್ರಿಗೆ ಇಳಿದಿದೆ. ಮೇ ತಿಂಗಳಲ್ಲಿ ಇದೇ ನೀರು ಮೂವತ್ತು ದಾಟುತ್ತದೆ. ಆಗ ಫೈಬರ್ ಕಾಗದ (ಪ್ಲಾಸ್ಟಿಕ್ ಲೇಪವಿಲ್ಲದ ಫೋಟೋ ಕಾಗದ) ತೊಳೆಯಲು ಹೋದರೆ ಚಿತ್ರ ಮೂಡುವ ಪದರವಾದ ಎಮಲ್ಷನ್ ಊದಿಕೊಂಡು ಅಂಚಿನಲ್ಲಿ ಎದ್ದುಬರುತ್ತದೆ. ಅದಕ್ಕೇ ದೊಡ್ಡ ಪ್ರಿಂಟಿನ ಕೆಲಸವೆಲ್ಲ ಚಳಿಗಾಲಕ್ಕೆ. 30×40 ಇಂಚು ಎಂದರೆ 8×10ರ ಹದಿನೈದು ಹಾಳೆಗಳಷ್ಟು. ಎಲ್ಲರೂ ಮೊದಲು ಕೇಳುವುದು ಎನ್‌ಲಾರ್ಜರ್ (ನೆಗೆಟಿವ್ ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ) ಯಾವುದು ಅಂತ. ಪರದಾಟವೆಲ್ಲ ಇರುವುದು ಒದ್ದೆ ಕಾಗದ ಮತ್ತು ನೀರಿನಲ್ಲಿ.

6×7 ಸೆಂ.ಮೀ. ನೆಗೆಟಿವ್, 90 ಮಿ.ಮೀ. ಲೆನ್ಸ್. ಹಿಗ್ಗುವುದು 14.7 ಪಟ್ಟು, ಅಂದರೆ ಲೆನ್ಸಿನಿಂದ ಕಾಗದಕ್ಕೆ ಸುಮಾರು 1.4 ಮೀಟರ್ ಬೇಕು. ಗೋಡೆಗಿಂತ ನೆಲವೇ ವಾಸಿ. ಕಾಗದ ತನ್ನ ಭಾರಕ್ಕೆ ಮಲಗಿರುತ್ತದೆ. ಎನ್‌ಲಾರ್ಜರ್‌ನ ತಲೆಯನ್ನು ಮೇಜಿನಾಚೆ ತಿರುಗಿಸಿ, ಬುಡವನ್ನು ಎರಡು ಕ್ಲಾಂಪಿನಲ್ಲಿ ಬಿಗಿದು, ಮೇಲೆ 20 ಕಿಲೋ ಅಕ್ಕಿ ಮೂಟೆ. ನಮ್ಮ ಫ್ಲ್ಯಾಟುಗಳ ನೆಲ ಎಲ್ಲೂ ಸಮ ಇರುವುದಿಲ್ಲ. ದಪ್ಪ ಪ್ಲೈವುಡ್ ಹಾಸಿ, ಅಡಿಗೆ ರಟ್ಟಿನ ಚೂರು ಕೊಟ್ಟು, ಸ್ಪಿರಿಟ್ ಲೆವೆಲ್‌ನಲ್ಲಿ ಹಲಗೆ, ನೆಗೆಟಿವ್ ಮತ್ತು ಲೆನ್ಸ್ ಮೂರನ್ನೂ ಸಮ ಮಾಡಬೇಕು. ಇಲ್ಲದಿದ್ದರೆ ನಡುವೆ ಗ್ರೇನ್ (ಫಿಲ್ಮಿನ ಬೆಳ್ಳಿ ಕಣ) ಚುರುಕಾಗಿ ಕಂಡು ಮೂಲೆಯಲ್ಲಿ ಕರಗಿಹೋಗುತ್ತದೆ. ಫೋಕಸ್‌ಗೆ ಇಬ್ಬರು ಬೇಕೇ ಬೇಕು. ನಾನು ಮೇಲೆ ಫೋಕಸ್ ತಿರುಗಿಸುವಾಗ ತಮ್ಮ ನೆಲದಲ್ಲಿ ಫೋಕಸರ್‌ಗೆ (ಗ್ರೇನ್ ದೊಡ್ಡದಾಗಿ ತೋರಿಸುವ ಭೂತಗನ್ನಡಿ) ಕಣ್ಣಿಟ್ಟು ಕೂತು, "ಇನ್ನೊಂಚೂರು ಅಣ್ಣಾ... ಹಾಂ, ಬಿಡು, ಕೈ ತೆಗಿ" ಅನ್ನುತ್ತಾನೆ.

ಎಕ್ಸ್‌ಪೋಷರ್ (ಬೆಳಕು ಕೊಡುವ ಸಮಯ) ಲೆಕ್ಕ ಸುಲಭ: ಎಷ್ಟು ಪಟ್ಟು ಹಿಗ್ಗಿದೆಯೋ ಅದಕ್ಕೆ ಒಂದು ಕೂಡಿಸಿ ವರ್ಗ ಮಾಡುವುದು. 8×10ಕ್ಕೆ 4.7ರ ವರ್ಗ, ಇದಕ್ಕೆ 15.7ರ ವರ್ಗ; ಸುಮಾರು 11 ಪಟ್ಟು ವ್ಯತ್ಯಾಸ. ಚಿಕ್ಕದಕ್ಕೆ ಎಫ್/11ರಲ್ಲಿ 10 ಸೆಕೆಂಡ್ ಆಗಿದ್ದರೆ ಇದಕ್ಕೆ ಎಫ್/8ರಲ್ಲಿ (ಲೆನ್ಸಿನ ಕಂಡಿ ಒಂದು ಹಂತ ಹಿಗ್ಗಿಸಿ ಬೆಳಕು ಎರಡು ಪಟ್ಟು ಮಾಡಿದರೆ) 56. ಮಂದ ಬೆಳಕಿಗೆ ಕಾಗದವೂ ಮಂದವಾಗುವುದರಿಂದ ಇನ್ನೂ ಸ್ವಲ್ಪ ಬೇಕಾಗುತ್ತದೆ. ಟೆಸ್ಟ್ ಪಟ್ಟಿಗೆ (ಬೇರೆಬೇರೆ ಸಮಯ ಕೊಟ್ಟು ನೋಡುವ ಕಾಗದದ ಚೂರು) ಐದೈದು ಸೆಕೆಂಡ್ ಕೂಡಿಸುತ್ತ ಹೋಗಬಾರದು, ಒಂದೊಂದು ಪಟ್ಟಿಗೂ ಪೂರ್ತಿ ಸಮಯ ಒಂದೇ ಸಲಕ್ಕೆ ಕೊಡಬೇಕು. ದೊಡ್ಡದರಲ್ಲಿ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಅರ್ಧ ಗ್ರೇಡ್ ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಷ್ಟು ಹೊತ್ತು ದೀಪ ಉರಿದರೆ ಗಾಜಿಲ್ಲದ ಕ್ಯಾರಿಯರ್‌ನಲ್ಲಿ (ನೆಗೆಟಿವ್ ಹಿಡಿಯುವ ಚೌಕಟ್ಟು) ನೆಗೆಟಿವ್ ಕಾದು ಉಬ್ಬಿ ಫೋಕಸ್ ಜಾರುತ್ತದೆ. ಬಣ್ಣದ ಉಂಗುರ ಮೂಡದಂತೆ ತಡೆಯುವ ಆಂಟಿ-ನ್ಯೂಟನ್ ಗಾಜು ಇದ್ದರೆ ಒಳ್ಳೆಯದು. ಲೋಕಲ್ ರೈಲು ಹಾದುಹೋದರೆ ಫೋಕಸರ್‌ನಲ್ಲಿ ಗ್ರೇನ್ ನಡುಗುವುದು ಕಣ್ಣಿಗೇ ಕಾಣುತ್ತದೆ, ಲಿಫ್ಟಿನ ಮೋಟಾರ್‌ಗೂ ಅಷ್ಟೇ. ಕೊನೆಯ ಗಾಡಿ ಹೋದ ಮೇಲೆಯೇ ಎಕ್ಸ್‌ಪೋಸ್ ಮಾಡುವುದು. ಫ್ರಿಜ್ ಶುರುವಾದಾಗ ವೋಲ್ಟೇಜ್ ಕುಸಿದರೆ ಹ್ಯಾಲೊಜೆನ್ ಬೆಳಕೂ ಕುಸಿಯುತ್ತದೆ. ಮುಂಬೈನ ಎಲೆಕ್ಟ್ರಿಕಲ್ ಪೇಟೆ ಲೋಹಾರ್ ಚಾಳಿನಲ್ಲಿ ಸಿಗುವ ಚಿಕ್ಕ ಸ್ಟೆಬಿಲೈಜರ್ ಸಾಕು.

ಈ ಅಳತೆಗೆ ಟ್ರೇ ಇಡಲು ಮುಂಬೈ ಮನೆಯಲ್ಲಿ ಜಾಗವೆಲ್ಲಿ? 200 ಮಿ.ಮೀ. ಪಿವಿಸಿ ಪೈಪನ್ನು 85 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಉದ್ದುದ್ದ ಸೀಳಿ, ಎರಡು ಕೊನೆಗೂ ಕ್ಯಾಪ್ ಅಂಟಿಸಿ ಸಿಲಿಕೋನ್ ಬಳಿದರೆ ದೋಣಿ ತಯಾರು. ನಾಲ್ಕು ಲೀಟರ್ ಸುರಿದರೆ ನಾಲ್ಕು ಸೆಂ.ಮೀ. ಆಳ ನಿಲ್ಲುತ್ತದೆ. ಇದರಲ್ಲಿ ಕಾಗದವನ್ನು ಈ ಕಡೆಯಿಂದ ಸುತ್ತಿ ಆ ಕಡೆಗೆ ಬಿಚ್ಚುತ್ತ ಹೋಗಬೇಕು.

ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಡಿ-72. ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಮಾನೋಹೈಡ್ರೇಟ್ ಸೋಡಿಯಂ ಕಾರ್ಬೊನೇಟ್ 80, ಪೊಟ್ಯಾಶಿಯಂ ಬ್ರೋಮೈಡ್ 2. ಎಲ್ಲಕ್ಕಿಂತ ಮೊದಲು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಪೂರ್ತಿ ಸಲ್ಫೈಟ್ ಹಾಕಿಬಿಟ್ಟರೆ ಮೆಟಾಲ್ ಕರಗುವುದಿಲ್ಲ. ಟ್ರೇಗಾದರೆ ಒಂದಕ್ಕೆ ಎರಡು ಪಾಲು ನೀರು. ದೋಣಿಯಲ್ಲಿ ಕಾಗದದ ಒಂದೊಂದು ಭಾಗವೂ ಬಿಟ್ಟುಬಿಟ್ಟು ಮುಳುಗುವುದರಿಂದ ಒಂದಕ್ಕೆ ಮೂರು, ಮೂರು ನಿಮಿಷ. ಅದಕ್ಕೂ ಮೊದಲು ಒಂದು ನಿಮಿಷ ಬರೀ ನೀರಿನಲ್ಲಿ ಸುತ್ತಿ ಮೆತ್ತಗೆ ಮಾಡಬೇಕು. ಒಣ ಕಾಗದ ಮಡಚಿಕೊಂಡರೆ ಆ ಜಾಗದಲ್ಲಿ ಬಿದಿಗೆ ಚಂದ್ರನಂಥ ಕಪ್ಪು ಗೀರು ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ಮೊದಲ ಸುತ್ತು ತಡೆಯದೆ ಒಂದೇ ಓಟದಲ್ಲಿ ಆಗಬೇಕು. ಎಲ್ಲಿ ನಿಂತಿರೋ ಅಲ್ಲಿ ಪಟ್ಟೆ. ಕೆಂಪು ದೀಪದಡಿ ಇಷ್ಟು ಹೊತ್ತು ಕಾಗದ ಬಿದ್ದಿರುತ್ತದಲ್ಲ, ನಾಣ್ಯದ ಪರೀಕ್ಷೆ (ಕಾಗದದ ಮೇಲೆ ನಾಣ್ಯ ಇಟ್ಟು ಆ ದೀಪದಡಿ ಬಿಟ್ಟು, ಡೆವಲಪ್ ಮಾಡಿ ನಾಣ್ಯದ ಗುರುತು ಮೂಡುತ್ತದೆಯೇ ನೋಡುವುದು) ಮೊದಲೇ ಮಾಡಿಡಿ. ಕಾಗದಕ್ಕೆ ಎನ್‌ಲಾರ್ಜರ್‌ನಿಂದ ತಿಳಿ ಬೂದು ಬರುವಷ್ಟು ಬೆಳಕು ಕೊಟ್ಟೇ ನಾಣ್ಯ ಇಡಬೇಕು. ಬಿಳಿ ಕಾಗದದ ಮೇಲೆ ಮಾಡಿದ ಪರೀಕ್ಷೆ ಸುಳ್ಳು ಧೈರ್ಯ ಕೊಡುತ್ತದೆ.

ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್‌ಗೆ ಲೀಟರಿಗೆ 15 ಗ್ರಾಂ ಸಿಟ್ರಿಕ್ ಆಸಿಡ್. ಚಿತ್ರ ಕಾಯಂ ಮಾಡುವ ಫಿಕ್ಸರ್ ಎರಡು ದೋಣಿಗಳಲ್ಲಿ. ಮೊದಲನೆಯದರ ನಾಲ್ಕು ಲೀಟರಿನಲ್ಲಿ ಎರಡು ಪ್ರಿಂಟಿಗಿಂತ ಹೆಚ್ಚು ಎಳೆಯುವ ಜಿಪುಣತನ ಬೇಡ. ಕೆಲವು ವರ್ಷಕ್ಕೆ ಕಂದು ಕಲೆ ಏಳುತ್ತದೆ.

ತೊಳೆಯಲು ಸ್ನಾನದ ಕೋಣೆಯಲ್ಲಿ 3×4 ಅಡಿ ಮರದ ಚೌಕಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಸಿದ ತೊಟ್ಟಿ. ಎರಡು ಇಂಚು ನೀರಿಗೆ 55 ಲೀಟರ್ ಚಿಲ್ಲರೆ. ಹರಿಯುವ ನೀರಿನಲ್ಲಿ ಒಂದು ತಾಸು ತೊಳೆಯುವುದು ಇಲ್ಲಿ ಆಗದ ಮಾತು. ಫಿಕ್ಸರ್ ಬೇಗ ಬಿಡಲೆಂದು ಲೀಟರಿಗೆ 20 ಗ್ರಾಂ ಸಲ್ಫೈಟ್ ಹಾಕಿದ ನೀರಿನಲ್ಲಿ 10 ನಿಮಿಷ ಆಡಿಸಿ, ಆಮೇಲೆ ಆರು ಸಲ ನೀರು ಬದಲಿಸಿದರೆ ಆಯಿತು. ಹಿಂದಿನ ಸಂಜೆಯೇ ಡ್ರಮ್ ತುಂಬಿಟ್ಟಿರಬೇಕು. ಕೊನೆಯ ಎರಡು ನೀರು ನೆಲ ಒರೆಸಲು.

ಎತ್ತುವಾಗ ಎರಡು ಮೂಲೆ ಹಿಡಿದರೆ ನಡುವೆ ಹರಿಯುತ್ತದೆ. ಪೈಪಿನ ಮೇಲೆ ಹೊದಿಸಿ ಎತ್ತಿ. ಸನ್ಮೈಕ ಹಲಗೆಯ ಮೇಲೆ ಎರಡಿಂಚಿನ ಗೋಂದು ಟೇಪಿನಲ್ಲಿ ನಾಲ್ಕೂ ಕಡೆ ಅಂಟಿಸಿ ಒಣಗಿಸುವುದು. ಫ್ಯಾನ್ ಹಾಕಬೇಡಿ: ಅಂಚು ಮೊದಲು ಒಣಗಿ ಎಳೆದು ಟೇಪ್ ಕಿತ್ತುಬರುತ್ತದೆ. ಈ ಹವೆಗೆ ಒಂದು ರಾತ್ರಿ ಸಾಕು. ಬೆಳಿಗ್ಗೆ ಬ್ಲೇಡ್ ಹಾಕುವಾಗ ಒಂದು ಬದಿ ಆದ ಮೇಲೆ ಅದರ ಎದುರು ಬದಿ, ಆಮೇಲೆ ಉಳಿದೆರಡು.